ಆಕಾಶದ ಲೆಕ್ಕ, ಮನೆಯ ಗಣಕ

ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಗೊಳಿಸಿ ಇಟ್ಟಿರುವ ಬಂಡೆಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುವಿರಿ. 19ನೆಯ ಶತಮಾನದ ಮಧ್ಯಭಾಗದಲ್ಲಿ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ಇವುಗಳನ್ನು ಕುರಿತು ಬರೆದು ಹೊರಗಿನ ವಿದ್ವಾಂಸರ ಗಮನವನ್ನು ಇತ್ತ ಸೆಳೆದರು. ಈ ಬಂಡೆಗಳನ್ನು ಯಾವ ಉದ್ದೇಶಕ್ಕಾಗಿ ಇಟ್ಟರೆಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳುಂಟು. ಆದರೆ ಇಷ್ಟು ಬಂಡೆಗಳನ್ನು ತಂದು ಸಾಲು ತಪ್ಪದಂತೆ ನಿಲ್ಲಿಸಿದ್ದು ಒಬ್ಬಿಬ್ಬರ ಕೆಲಸವಲ್ಲವೆಂಬುದರಲ್ಲಿ ಸಂಶಯವಿಲ್ಲ. ಅನೇಕರು ಕೈಕೊಟ್ಟರು, ಎಲ್ಲರ ಕಲ್ಲೂ ಒಂದೇ ಕಟ್ಟಳೆಗೆ ಒಳಪಟ್ಟಿತು.

ದೊಡ್ಡ ಕೆಲಸವನ್ನು ಸಣ್ಣ ಪಾಲುಗಳಾಗಿ ಹಂಚಿಕೊಳ್ಳುವುದು ನಮ್ಮ ಒಕ್ಕಲುತನದಲ್ಲಿಯೂ ಉಂಟು. ಮುಯ್ಯಾಳಿನ ಪದ್ಧತಿ ಬೇರೇನು? ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಹೊಲದ ಕೆಲಸವನ್ನು ಹಂಚಿಕೊಂಡ ಹಾಗೆ ಲೆಕ್ಕದ ಕೆಲಸವನ್ನೂ ಹಂಚಿಕೊಳ್ಳಬಹುದೆ? ಹಂಚಿಕೊಳ್ಳಬಹುದು. ಮನೆಯಲ್ಲಿರುವ ಸಾಧಾರಣ ಕಂಪ್ಯೂಟರನ್ನು ಅದು ಬಿಡುವಾಗಿರುವ ವೇಳೆಯಲ್ಲಿ ದೂರದ ವಿಜ್ಞಾನಿಗಳ ಗಣಿತಕ್ಕೆ ಎರವಲು ಕೊಡುವ ಪದ್ಧತಿಯೊಂದು ಕಳೆದ ಕಾಲು ಶತಮಾನದಲ್ಲಿ ಬೆಳೆದು ಬಂದಿದೆ. ಇದನ್ನು ಹಂಚಿಕೆಯ ಗಣನೆ ಎಂದು ಕರೆಯಬಹುದು. ಯಂತ್ರಗಳು ಹುಟ್ಟುವ ಮೊದಲೇ ಈ ಪದ್ಧತಿ ಇತ್ತು. ಅದರ ಒಂದು ಮುಖ್ಯ ಅಧ್ಯಾಯ ಯಾದಗಿರಿ, ಶಹಾಪುರ, ಸುರಪುರಗಳು ಸೇರಿದ್ದ ಹಳೆಯ ಹೈದರಾಬಾದು ಸಂಸ್ಥಾನದಲ್ಲಿಯೇ ನಡೆಯಿತು. ಅದನ್ನು ತಿಳಿದುಕೊಂಡರೆ ಇಂದಿನ ಯಂತ್ರದ ಮರ್ಮವೂ ಸುಲಭವಾಗಿ ತಿಳಿಯುತ್ತದೆ.

ಗಣಕ ಎಂಬ ಮಾತನ್ನು ನಾವು ಈಗ ಯಂತ್ರಕ್ಕೆ ಬಳಸುತ್ತೇವೆ. ಮೊದಲು ಅದು ಮನುಷ್ಯನ ಹೆಸರು; ಲೆಕ್ಕಿಗನಿಗೂ ಜೋಯಿಸನಿಗೂ ಆ ಹೆಸರಿತ್ತು. ಇಂಗ್ಲಿಷಿನ ಕಂಪ್ಯೂಟರ್ ಎಂಬ ಮಾತಿನ ಕಥೆಯೂ ಇದೇ. 1758ರಲ್ಲಿ ಹ್ಯಾಲಿಯ ಧೂಮಕೇತು ಯಾವಾಗ ಹಿಂದಿರುಗುವುದೆಂದು ತಿಳಿಯಲು ಪ್ಯಾರಿಸಿನಲ್ಲಿ ಮೂವರು ಗಣಕರು ಸೇರಿದರು. ಕ್ಲೆರೋ ಎಂಬ ಗಣಿತಜ್ಞನು ರೀತಿಯನ್ನು ಗೊತ್ತುಮಾಡಿದನು. ಲಾಲಾಂದ್ ಮತ್ತು ನಿಕೋಲ್-ರೆಯ್ನ್ ಲೆಪೋತ್ ಎಂಬ ಮಹಿಳೆ, ಗುರು ಶನಿ ಗ್ರಹಗಳ ಸೆಳೆತದ ಲೆಕ್ಕವನ್ನು ತಿಂಗಳುಗಟ್ಟಲೆ ಕುಳಿತು ಮಾಡಿದರು. 1759ರ ಏಪ್ರಿಲ್ ನಡುಭಾಗದಲ್ಲಿ, ಹೆಚ್ಚು ಕಡಿಮೆಯಾದರೆ ಒಂದು ತಿಂಗಳ ವ್ಯತ್ಯಾಸದಲ್ಲಿ, ಧೂಮಕೇತು ಸೂರ್ಯನ ಸಮೀಪಕ್ಕೆ ಬರುವುದೆಂದು ಹೇಳಿದರು. ಅದು ಮಾರ್ಚ್ 13ರಂದು ಬಂದಿತು. ಎಪ್ಪತ್ತಾರು ವರುಷಗಳ ಪಯಣದ ಲೆಕ್ಕದಲ್ಲಿ ಒಂದು ತಿಂಗಳ ಅಂತರ ಸಾಮಾನ್ಯ ಸಾಧನೆಯಲ್ಲ.

ಮೂವರು ಒಂದು ಮೇಜಿನ ಸುತ್ತ ಕುಳಿತು ಮಾಡಿದ ಈ ಕೆಲಸವನ್ನು ಲೋಕಕ್ಕೆಲ್ಲ ಹರಡಿದ್ದು 1887ರ ಏಪ್ರಿಲಿನಲ್ಲಿ. ಪ್ಯಾರಿಸ್ ವೇಧಶಾಲೆಯ ನಿರ್ದೇಶಕ ಮೂಶೆಯವರ ಕರೆಯ ಮೇಲೆ ಹಲವು ದೇಶಗಳ ಐವತ್ತಕ್ಕೂ ಹೆಚ್ಚು ಖಗೋಳಜ್ಞರು ಅಲ್ಲಿ ನೆರೆದರು. ಇಡೀ ಆಕಾಶವನ್ನು ಛಾಯಾಚಿತ್ರದಲ್ಲಿ ಹಿಡಿದು, ಹನ್ನೊಂದನೆಯ ದರ್ಜೆಯವರೆಗಿನ ನಕ್ಷತ್ರಗಳ ಸ್ಥಾನವನ್ನು ಅಳೆದು ಪಟ್ಟಿ ಮಾಡಬೇಕು. ಇನ್ನೂ ಮಸುಕಾದ ನಕ್ಷತ್ರಗಳವರೆಗೆ ನಕ್ಷೆಯನ್ನೂ ಬರೆಯಬೇಕು ಎಂದು ನಿಶ್ಚಯವಾಯಿತು. ಒಂದು ವೇಧಶಾಲೆಯಿಂದ ಆಗುವ ಕೆಲಸ ಇದಲ್ಲ. ಒಂದು ಕಡೆಯಿಂದ ಇಡೀ ಆಕಾಶ ಕಾಣುವುದೂ ಇಲ್ಲ. ಆದುದರಿಂದ ಆಕಾಶವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ಸುಮಾರು ಇಪ್ಪತ್ತು ವೇಧಶಾಲೆಗಳಿಗೆ ಹಂಚಿದರು.

ಹಂಚಿದರೆ ಸಾಲದು, ಎಲ್ಲರ ಅಳತೆಯೂ ಒಂದಕ್ಕೊಂದು ಹೊಂದಬೇಕು. ಅದಕ್ಕಾಗಿ ದೂರದರ್ಶಕದ ಪ್ರಮಾಣವನ್ನು ಗೊತ್ತುಮಾಡಿದರು. ಗಾಜಿನ ಫಲಕದ ಮೇಲೆ ಒಂದು ಮಿಲ್ಲಿಮೀಟರ್ ಅಂದರೆ ಆಕಾಶದಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು ಎಂಬುದು ಕಟ್ಟಳೆ. ಫಲಕದ ಮೇಲೆ ಸಣ್ಣ ಚೌಕಗಳ ಜಾಲವನ್ನು ಮೂಡಿಸಿ, ಪ್ರತಿಯೊಂದು ನಕ್ಷತ್ರದ ಚುಕ್ಕೆ ಆ ಗೆರೆಗಳಿಂದ ಎಷ್ಟು ದೂರವೆಂದು ಸೂಕ್ಷ್ಮದರ್ಶಕದಿಂದ ಓದಬೇಕು. ಇನ್ನೊಂದು ಜಾಣತನವನ್ನೂ ಮಾಡಿದರು. ಒಂದು ಫಲಕದ ಮೂಲೆ ಮತ್ತೊಂದು ಫಲಕದ ನಡುವಿಗೆ ಬರುವಂತೆ ಚಿತ್ರಗಳನ್ನು ತೆಗೆಯಬೇಕು. ಹಾಗೆ ತೆಗೆದರೆ ಒಂದೊಂದು ನಕ್ಷತ್ರವೂ ಕಡಮೆಯೆಂದರೆ ಎರಡು ಫಲಕಗಳಲ್ಲಿ ಬೀಳುತ್ತದೆ. ಎರಡು ಅಳತೆಗಳೂ ಒಪ್ಪಿದರೆ ಸರಿ. ಒಪ್ಪದಿದ್ದರೆ ಎಲ್ಲಿಯೋ ಕೈ ತಪ್ಪಿದೆ ಎಂದು ತಿಳಿಯಿತು. ಈ ಎರಡನೆಯ ಅಳತೆಯ ವಿಚಾರವನ್ನು ನೆನಪಿನಲ್ಲಿಡಿ. ಮುಂದೆ ನಮ್ಮ ಮನೆಯ ಯಂತ್ರಕ್ಕೂ ಅದೇ ಬರುತ್ತದೆ.

ಪಾಲು ಒಪ್ಪಿಕೊಂಡವರೆಲ್ಲ ಅದನ್ನು ಮುಗಿಸಲಿಲ್ಲ. ದಕ್ಷಿಣದ 17ರಿಂದ 23ನೆಯ ಡಿಗ್ರಿಯವರೆಗಿನ ಪಟ್ಟಿ ಚಿಲಿ ದೇಶದ ಸಾಂತಿಯಾಗೋ ವೇಧಶಾಲೆಯ ಪಾಲಿಗೆ ಬಂದಿತ್ತು. ಅಲ್ಲಿ ಆ ಕೆಲಸ ಕೈಗೂಡಲಿಲ್ಲ. ಅದನ್ನು ಎತ್ತಿಕೊಂಡದ್ದು ಹೈದರಾಬಾದು.

ಹೈದರಾಬಾದಿನ ಶ್ರೀಮಂತರಾದ ನವಾಬ್ ಜಫರ್ ಜಂಗ್ ಅವರು ಆಕಾಶದ ಹುಚ್ಚು ಹತ್ತಿದವರು. ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕವನ್ನು ತರಿಸಿ 1901ರಲ್ಲಿ ತಮ್ಮ ಜಮೀನಿನಲ್ಲಿ ವೇಧಶಾಲೆಯನ್ನು ಸ್ಥಾಪಿಸಿದರು. ಅದಕ್ಕೆ ನಿಜಾಮಿಯಾ ಎಂದು ಹೆಸರಾಯಿತು. ಅವರು ತೀರಿಕೊಂಡ ಮೇಲೆ 1908ರಲ್ಲಿ ನಿಜಾಮರ ಸರಕಾರ ಅದನ್ನು ವಹಿಸಿಕೊಂಡಿತು. ಆಗ ನಮ್ಮ ಮೂರು ಊರುಗಳೂ ಆ ಸರಕಾರದ ಆಡಳಿತದಲ್ಲಿದ್ದವು. ಹೈದರಾಬಾದು ನಮ್ಮ ರಾಜಧಾನಿ. ಮೊದಲ ನಿರ್ದೇಶಕ ಚಾಟ್‌ವುಡ್ ಸಿದ್ಧತೆ ನಡೆಸಿದರು. 1914ರಲ್ಲಿ ಬಂದ ಪೋಕಾಕ್ ಕೆಲಸವನ್ನು ಚುರುಕಾಗಿ ನಡೆಸಿ 1918ರಲ್ಲಿ ತೀರಿಕೊಂಡರು. ಅನಂತರ ಟಿ. ಪಿ. ಭಾಸ್ಕರನ್ ಅವರು ಭಾರವನ್ನು ಹೊತ್ತು, ಸುಮಾರು ಕಾಲು ಶತಮಾನ ವೇಧಶಾಲೆಯನ್ನು ನಡೆಸಿದರು. 8 ಅಂಗುಲದ ಕುಕ್ ದೂರದರ್ಶಕದಿಂದ ರಾತ್ರಿ ಚಿತ್ರ ತೆಗೆಯುವುದು. ಹಗಲು ಚುಕ್ಕೆಗಳನ್ನು ಅಳೆದು ಅಂಕಿಗಳನ್ನು ಬರೆಯುವುದು. ದಕ್ಷಿಣದ ಪಟ್ಟಿ 1929ರ ವೇಳೆಗೆ ಮುಗಿಯಿತು. ಅಷ್ಟರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ವೇಧಶಾಲೆಯ ಪಾಲೂ ಅರ್ಧಕ್ಕೆ ನಿಂತಿತ್ತು. ಅದರಲ್ಲಿ ಉತ್ತರದ 36ರಿಂದ 39ನೆಯ ಡಿಗ್ರಿಯವರೆಗಿನ ಭಾಗವನ್ನೂ ಹೈದರಾಬಾದು ಒಪ್ಪಿಕೊಂಡು ಪೂರೈಸಿತು. ಒಟ್ಟು 12 ಸಂಪುಟಗಳು, ಏಳೂವರೆ ಲಕ್ಷಕ್ಕೂ ಮೀರಿದ ನಕ್ಷತ್ರಗಳ ಅಳತೆ. ಚಿಲಿಯೂ ಜರ್ಮನಿಯೂ ಬಿಟ್ಟ ಪಾಲನ್ನು ದಖ್ಖಣದ ಒಂದು ಊರು ಮುಗಿಸಿಕೊಟ್ಟಿತು!

ಇಂಥ ಕೆಲಸ ಯಾರ ಕೈಯಲ್ಲಿ ನಡೆಯುತ್ತಿತ್ತು? ರೋಮಿನ ವ್ಯಾಟಿಕನ್ ವೇಧಶಾಲೆಯ ಪಾಲನ್ನು ಅಳೆದವರು ನಾಲ್ವರು ಕ್ರೈಸ್ತ ಸನ್ಯಾಸಿನಿಯರು. 1910ರಿಂದ 1921ರವರೆಗೆ ಅವರು 4,81,215 ನಕ್ಷತ್ರಗಳನ್ನು ಅಳೆದರು. ಅವರ ಹೆಸರುಗಳು ಹಳೆಯ ಕಾಗದಪತ್ರಗಳಿಂದ ಹೊರಬಿದ್ದು ಜನರಿಗೆ ತಿಳಿದದ್ದು 2016ರಲ್ಲಿ. ಹೈದರಾಬಾದಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅಂಕಿ ಬರೆದ ಸಹಾಯಕರ ಹೆಸರುಗಳನ್ನು ಇಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಆ ಶ್ರಮ ಏನಾಯಿತು? ದೊಡ್ಡ ನಕ್ಷೆಯ ಯೋಜನೆ ಕಡೆಗೂ ಪೂರ್ಣವಾಗಲಿಲ್ಲ. ಹಲವು ವೇಧಶಾಲೆಗಳು ಈ ಒಂದೇ ಕೆಲಸಕ್ಕೆ ದಶಕಗಟ್ಟಲೆ ಕಟ್ಟುಬಿದ್ದು ಹೊಸ ವಿಜ್ಞಾನದಲ್ಲಿ ಹಿಂದುಳಿದವೆಂಬ ಟೀಕೆಯೂ ಬಂದಿತು. ಆ ಟೀಕೆಯಲ್ಲಿ ನಿಜವುಂಟು. ಆದರೆ ಅಳತೆಯ ಸಂಪುಟಗಳು ಉಳಿದವು. 1989ರಲ್ಲಿ ಯುರೋಪಿನವರು ಹಿಪ್ಪಾರ್ಕಸ್ ಎಂಬ ಉಪಗ್ರಹವನ್ನು ಹಾರಿಸಿದರು. ಅದು ನಕ್ಷತ್ರಗಳ ಅಂದಿನ ಸ್ಥಾನವನ್ನು ಬಹು ನಿಖರವಾಗಿ ಅಳೆಯಿತು. ನಕ್ಷತ್ರ ಚಲಿಸುವ ವೇಗ ತಿಳಿಯಬೇಕಾದರೆ ಹಳೆಯ ಸ್ಥಾನವೂ ಬೇಕು. ಆಗ ಮೂಲೆಯಲ್ಲಿದ್ದ ಹಳೆಯ ಸಂಪುಟಗಳ ಅಂಕಿಗಳನ್ನು ಗಣಕಯಂತ್ರಕ್ಕೆ ಏರಿಸಿ, ಹೊಸ ಅಳತೆಗೆ ಹೋಲಿಸಿ, ಇಪ್ಪತ್ತೈದು ಲಕ್ಷ ನಕ್ಷತ್ರಗಳ ಟೈಕೋ-2 ಎಂಬ ಪಟ್ಟಿಯನ್ನು 2000ದಲ್ಲಿ ಪ್ರಕಟಿಸಿದರು. ಹೈದರಾಬಾದಿನ ಅಂಕಿಗಳೂ ಅದರಲ್ಲಿ ಸೇರಿವೆ. ಬಿತ್ತಿದವರಿಗೆ ಕಾಣದ ಫಸಲು ಎಂಬತ್ತು ವರುಷಗಳ ಮೇಲೆ ಕೈಗೆ ಬಂದಿತು.

ಇನ್ನು ಯಂತ್ರದ ಕಾಲಕ್ಕೆ ಬರೋಣ. 1990ರ ದಶಕದಲ್ಲಿ ಮನೆಮನೆಗೂ ಕಂಪ್ಯೂಟರ್ ಬರತೊಡಗಿತು. ಕಾಗದ ಬರೆಯುವಾಗ, ಚಿತ್ರ ನೋಡುವಾಗ ಅದರ ಶಕ್ತಿಯ ಅಲ್ಪ ಭಾಗ ಮಾತ್ರ ವೆಚ್ಚವಾಗುತ್ತದೆ. ಉಳಿದದ್ದು ಸುಮ್ಮನೆ ಕುಳಿತಿರುತ್ತದೆ. ಈ ಬಿಡುವಿನ ಶಕ್ತಿಯನ್ನು ಒಟ್ಟುಗೂಡಿಸಬಾರದೇಕೆ ಎಂದು ಕೆಲವರು ಯೋಚಿಸಿದರು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಇಂಥ ಒಂದು ಕೂಟವನ್ನು ಆರಂಭಿಸಿದರು. ಜನಸಾಮಾನ್ಯರ ಮನಸ್ಸನ್ನು ಗೆದ್ದದ್ದು ಮಾತ್ರ 1999ರ ಮೇ 17ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹೊರಟ ಸೇಟಿ ಅಟ್ ಹೋಮ್ ಎಂಬ ಯೋಜನೆ. ರೇಡಿಯೋ ಇಟ್ಟುಕೊಂಡವರು ಇದನ್ನು ಚೆನ್ನಾಗಿ ತಿಳಿಯಬಲ್ಲರು. ಏಕೆಂದರೆ ಅದು ರೇಡಿಯೋ ಕೇಳುವ ಕೆಲಸವೇ.

ಪೋರ್ಟೊ ರಿಕೊ ದ್ವೀಪದ ಅರೆಸಿಬೋದಲ್ಲಿ 305 ಮೀಟರ್ ಅಗಲದ ಬೋಗುಣಿಯಂಥ ದೊಡ್ಡ ಆಂಟೆನಾ ಇತ್ತು. ಅದು ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು 1420 ಮೆಗಾಹರ್ಟ್ಸಿನ ಸುತ್ತ ಗ್ರಹಿಸುತ್ತಿತ್ತು. ಅನ್ಯಲೋಕದ ಬುದ್ಧಿಜೀವಿಗಳು ಯಾರಾದರೂ ಸಂಕೇತ ಕಳಿಸುತ್ತಿದ್ದರೆ ಅದು ಗದ್ದಲದ ನಡುವೆ ಸಣ್ಣ ಸಿಳ್ಳಿನಂತೆ ಕೇಳಬಹುದೆಂಬ ಆಸೆ. ಹೀಗೆ ಮುದ್ರಿಸಿದ ಟೇಪುಗಳನ್ನು ಬರ್ಕ್ಲಿಗೆ ಕಳುಹಿಸಿ ಸಣ್ಣ ತುಂಡುಗಳಾಗಿ ಕತ್ತರಿಸುತ್ತಿದ್ದರು. ಒಂದು ತುಂಡಿನ ಅಗಲ ಸುಮಾರು 10 ಕಿಲೋಹರ್ಟ್ಸ್, ಉದ್ದ 107 ಸೆಕೆಂಡು. ಮಧ್ಯಮ ತರಂಗದಲ್ಲಿ ಒಂದು ನಿಲಯದಿಂದ ಮತ್ತೊಂದು ನಿಲಯಕ್ಕೆ 9 ಕಿಲೋಹರ್ಟ್ಸ್ ಅಂತರ ಇಡುತ್ತಾರೆ. 1966ರಲ್ಲಿ ಕಲಬುರಗಿ ಕೇಂದ್ರ ಆರಂಭವಾದಾಗ ಅದನ್ನು ಹುಡುಕುತ್ತ ಮುಳ್ಳು ತಿರುಗಿಸಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರಿಗೆ ಹೀಗೆ ಹೇಳಬಹುದು: ಮುಳ್ಳಿನ ಒಂದು ಸ್ಥಾನದಲ್ಲಿ ಎರಡು ನಿಮಿಷಕ್ಕೂ ಕಡಮೆ ಕಾಲ ಕೇಳಿಸುವಷ್ಟು ಧ್ವನಿ ಒಂದು ಮನೆಯ ಪಾಲು. ಅಷ್ಟನ್ನು ಜರಡಿ ಹಿಡಿಯಲು ಅಂದಿನ ಕಂಪ್ಯೂಟರಿಗೆ ಅನೇಕ ಗಂಟೆಗಳು ಹಿಡಿಯುತ್ತಿದ್ದವು. ಯೋಜನೆ ನಡೆದಷ್ಟು ಕಾಲದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಹೆಸರು ಕೊಟ್ಟರು.

ಜನ ಹೆಚ್ಚಿದಂತೆ ತೊಂದರೆಯೂ ಬಂದಿತು. ಕೆಲವು ಯಂತ್ರಗಳು ಕಾದು ತಪ್ಪು ಉತ್ತರ ಕೊಟ್ಟವು. ಕೆಲವರು ಪಟ್ಟಿಯಲ್ಲಿ ತಮ್ಮ ಹೆಸರು ಮೇಲೇರಲೆಂದು ಮೋಸವನ್ನೂ ಮಾಡಿದರು. ಪರಿಹಾರವಾಗಿ ಹಳೆಯ ಉಪಾಯವೇ ಬಂದಿತು: ಒಂದೇ ತುಂಡನ್ನು ಗುರುತಿಲ್ಲದ ಎರಡು ಮನೆಗಳಿಗೆ ಕಳುಹಿಸುವುದು; ಎರಡು ಉತ್ತರಗಳೂ ಒಪ್ಪಿದರೆ ಸ್ವೀಕರಿಸುವುದು. ಪ್ರತಿ ತುಂಡಿಗೂ ಗಡುವು ಉಂಟು; ಗಡುವಿನೊಳಗೆ ಉತ್ತರ ಬಾರದಿದ್ದರೆ ಅದನ್ನು ಬೇರೊಂದು ಮನೆಗೆ ಕಳುಹಿಸುತ್ತಾರೆ. ಸಾಂತಿಯಾಗೋ ಬಿಟ್ಟದ್ದನ್ನು ಹೈದರಾಬಾದು ಎತ್ತಿಕೊಂಡ ಹಾಗೆಯೇ. ಈ ಏರ್ಪಾಟುಗಳನ್ನೆಲ್ಲ ಸೇರಿಸಿ ಡೇವಿಡ್ ಆಂಡರ್‌ಸನ್ ಮತ್ತು ಅವರ ಜೊತೆಗಾರರು ಬಾಯಿಂಕ್ ಎಂಬ ತಂತ್ರಾಂಶವನ್ನು ರಚಿಸಿದರು; 2004ರಿಂದ ಅದು ಬೇರೆ ಬೇರೆ ವಿಜ್ಞಾನಗಳ ಯೋಜನೆಗಳಿಗೆಲ್ಲ ಸಾಮಾನ್ಯವಾದ ವಾಹನವಾಯಿತು.

ಸೇಟಿ ಯೋಜನೆ 2020ರ ಮಾರ್ಚ್ 31ರಂದು ಹೊಸ ತುಂಡುಗಳನ್ನು ಕಳುಹಿಸುವುದನ್ನು ನಿಲ್ಲಿಸಿತು. ಅನ್ಯಲೋಕದ ಸಂಕೇತ ಸಿಕ್ಕಿರಲಿಲ್ಲ. ಅದೇ ವರುಷ ಡಿಸೆಂಬರ್ 1ರಂದು ಅರೆಸಿಬೋದ ಆಂಟೆನಾ ಕುಸಿದುಬಿದ್ದಿತು. ಆದರೆ ಅದೇ ಆಂಟೆನಾದ ಬೇರೊಂದು ಧ್ವನಿಮುದ್ರಣದಿಂದ ಮನೆಯ ಗಣಕಗಳು ಒಂದು ನಿಜವಾದ ವಸ್ತುವನ್ನು ಕಂಡುಹಿಡಿದಿದ್ದವು. 2005ರಲ್ಲಿ ಆರಂಭವಾದ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯವರು 2010ರ ಆಗಸ್ಟಿನಲ್ಲಿ, ಸೆಕೆಂಡಿಗೆ ಸುಮಾರು 41 ಸಲ ತಿರುಗುವ ಹೊಸ ಮಿಡಿತಾರೆಯೊಂದನ್ನು ಪ್ರಕಟಿಸಿದರು. ಅದು ಸಿಕ್ಕಿದ್ದು ಅಮೆರಿಕದ ಐಯೋವಾ ಪ್ರಾಂತದ ಕ್ರಿಸ್ ಮತ್ತು ಹೆಲೆನ್ ಕಾಲ್ವಿನ್ ದಂಪತಿಗಳ ಯಂತ್ರದಲ್ಲಿ, ಮತ್ತು ಜರ್ಮನಿಯ ಮೈಂಟ್ಸಿನ ಡೇನಿಯಲ್ ಗೆಬ್‌ಹಾರ್ಟ್ ಅವರ ಯಂತ್ರದಲ್ಲಿ. ಎರಡು ದೇಶಗಳ ಹೆಸರು ಏಕೆ ಬಂದಿತೆಂಬುದು ಈಗ ನಿಮಗೆ ಹೇಳದೆಯೇ ತಿಳಿದಿರಬೇಕು. ವೋಲ್ಟ್‌ಮನ್ನರ ಕೂಟದಲ್ಲಿಯೂ 2017ರ ಡಿಸೆಂಬರಿನಲ್ಲಿ 2,32,49,425 ಅಂಕಿಗಳ ಅವಿಭಾಜ್ಯ ಸಂಖ್ಯೆಯೊಂದು, ಜೊನಾಥನ್ ಪೇಸ್ ಎಂಬವರ ಸಾಧಾರಣ ಕಂಪ್ಯೂಟರಿನಲ್ಲಿ ಆರು ದಿನಗಳ ಎಡೆಬಿಡದ ಲೆಕ್ಕದಿಂದ ಹೊರಬಿದ್ದಿತು. ಅವರು ಅದಕ್ಕಾಗಿ 14 ವರುಷ ಕಾದಿದ್ದರು.

ಈ ಲೆಕ್ಕಗಳು ಆಕಾಶಕ್ಕೂ ಅಂಕಿಗಳಿಗೂ ಮಾತ್ರ ಸಂಬಂಧಿಸಿದವಲ್ಲ. 2020ರ ಬೇಸಗೆಯನ್ನು ನಮ್ಮ ಜಿಲ್ಲೆಯ ಜನ ಮರೆತಿರಲಾರರು. ಮುಂಬಯಿಗೆ ದುಡಿಯಲು ಹೋಗಿದ್ದವರು ಊರಿಗೆ ಹಿಂದಿರುಗಿದರು. ಶಾಲೆಗಳಲ್ಲಿ ಅವರನ್ನು ಇರಿಸಿದರು. ಯಾದಗಿರಿಯಲ್ಲಿ ಕೋವಿಡ್ ರೋಗಿಗಳ ಎಣಿಕೆ ಏರಿತು. ಅದೇ ತಿಂಗಳುಗಳಲ್ಲಿ, 2000ದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವಿಜಯ್ ಪಾಂಡೆಯವರು ಆರಂಭಿಸಿದ್ದ ಫೋಲ್ಡಿಂಗ್ ಅಟ್ ಹೋಮ್ ಯೋಜನೆಗೆ ಲೋಕದ ಲಕ್ಷಾಂತರ ಮನೆಗಳು ತಮ್ಮ ಯಂತ್ರಗಳನ್ನು ಕೊಟ್ಟವು. ರೋಗಾಣುವಿನ ಪ್ರೋಟೀನುಗಳು ಹೇಗೆ ಮಡಿಚಿಕೊಳ್ಳುತ್ತವೆ, ಔಷಧ ಎಲ್ಲಿ ಅಂಟಬಹುದು ಎಂಬುದು ಆ ಲೆಕ್ಕ. ಕೂಡಿದ ವೇಗ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಗಳಷ್ಟು ಗಣನೆಗಳನ್ನು ದಾಟಿತು. ಅಂದು ಲೋಕದಲ್ಲಿದ್ದ ಯಾವ ಒಂದು ಮಹಾಗಣಕಕ್ಕೂ ಆ ವೇಗ ಇರಲಿಲ್ಲ.

ನಿಮ್ಮ ಮನೆಯಲ್ಲಿ ಇದನ್ನು ಆರಂಭಿಸುವುದು ಕಷ್ಟವಲ್ಲ. ಬಾಯಿಂಕ್ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಅದರ ಸ್ವಂತ ತಾಣದಿಂದಲೇ ಅದನ್ನು ಇಳಿಸಿಕೊಳ್ಳಿ. ಯಾರೋ ಕಳುಹಿಸಿದ ಕೊಂಡಿಯಿಂದ ಬೇಡ. ಆಮೇಲೆ ಯೋಜನೆಯೊಂದನ್ನು ಆರಿಸಬೇಕು. ಆ ಯೋಜನೆಯ ಹಿಂದೆ ಯಾವ ವಿಶ್ವವಿದ್ಯಾಲಯ ಅಥವಾ ಸಂಶೋಧನಾಲಯ ಇದೆ, ಫಲಿತಾಂಶಗಳನ್ನು ಎಲ್ಲರಿಗೂ ಪ್ರಕಟಿಸುತ್ತಾರೆಯೇ ಎಂದು ವಿಚಾರಿಸಿ. ಹಣ ಬರುತ್ತದೆಂದು ಆಸೆ ತೋರಿಸುವ ಕಡೆ ಹೋಗಬೇಡಿ. ಇದು ದಾನದ ಕೆಲಸ. ಮಿಂಚಂಚೆಯ ವಿಳಾಸ, ಒಂದು ಗುಪ್ತಪದ ಇಷ್ಟು ಸಾಕು. ಬ್ಯಾಂಕಿನ ವಿವರವನ್ನಾಗಲಿ ಆಧಾರ್ ಸಂಖ್ಯೆಯನ್ನಾಗಲಿ ಯಾವ ಪ್ರಾಮಾಣಿಕ ಯೋಜನೆಯೂ ಕೇಳುವುದಿಲ್ಲ.

ಅನಂತರ ಕಟ್ಟಳೆಗಳನ್ನು ಗೊತ್ತುಮಾಡಬೇಕು. ನೀವು ಯಂತ್ರವನ್ನು ಬಳಸುವಾಗ ಲೆಕ್ಕ ನಿಲ್ಲಲಿ ಎಂದು ಗುರುತು ಹಾಕಬಹುದು. ಪ್ರೊಸೆಸರಿನ ಅರ್ಧ ಭಾಗವನ್ನು ಮಾತ್ರ ಕೊಡಬಹುದು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ಕೆಲಸ ಬೇಡವೆನ್ನಬಹುದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂದು ವೇಳೆ ನಿಗದಿ ಮಾಡಬಹುದು. ನಮ್ಮ ಕಡೆಯ ಬೇಸಗೆಯಲ್ಲಿ 40 ಡಿಗ್ರಿ ಮೀರುವ ದಿನಗಳಲ್ಲಿ ಹಗಲು ಯಂತ್ರವನ್ನು ದುಡಿಸುವುದು ಅವಿವೇಕ. ಧೂಳು ತುಂಬಿದ ಫ್ಯಾನನ್ನು ಮೊದಲು ಶುಚಿಮಾಡಿ. ಕರೆಂಟು ಹೋದರೆ ಮಾಡಿದ ಕೆಲಸವೆಲ್ಲ ನೀರಿನ ಪಾಲಾಗುವುದಿಲ್ಲ. ಆಗಾಗ ಗುರುತು ಹಾಕಿ ಉಳಿಸಿಕೊಳ್ಳುವ ಏರ್ಪಾಟು ಸಾಮಾನ್ಯವಾಗಿ ಇರುತ್ತದೆ; ಮತ್ತೆ ಕರೆಂಟು ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ.

ವೆಚ್ಚದ ಮಾತನ್ನು ಮುಚ್ಚಿಡಬಾರದು. ಬಿಡುವಿನ ಶಕ್ತಿ ಎಂದರೆ ಪುಕ್ಕಟೆಯ ಶಕ್ತಿಯಲ್ಲ. ಲೆಕ್ಕದಲ್ಲಿ ತೊಡಗಿದ ಯಂತ್ರ ಸುಮ್ಮನಿರುವಾಗಿನದಕ್ಕಿಂತ 60 ವ್ಯಾಟ್ ಹೆಚ್ಚಾಗಿ ಎಳೆಯುತ್ತದೆಂದು ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆ ದುಡಿದರೆ ಹತ್ತಿರ ಹತ್ತಿರ ಅರ್ಧ ಯೂನಿಟ್. ತಿಂಗಳಿಗೆ 14 ಯೂನಿಟ್ಟಿಗೂ ಸ್ವಲ್ಪ ಮೇಲೆ. ಕೇವಲ ಇದಕ್ಕಾಗಿ ಯಂತ್ರವನ್ನು ಹಚ್ಚಿಟ್ಟರೆ ಪೂರ್ತಿ ವೆಚ್ಚವೂ ಇದರದೇ. ನಿಮ್ಮ ಬಿಲ್ಲಿಗೆ ಮಿತಿಯುಳ್ಳ ರಿಯಾಯಿತಿ ಇದ್ದರೆ ಆ ಮಿತಿಯನ್ನೂ ನೋಡಿಕೊಳ್ಳಿ. ಬೆಳೆಯುವ ಮಕ್ಕಳ ಓದಿನ ಯಂತ್ರವೊಂದೇ ಮನೆಯಲ್ಲಿದ್ದರೆ ಅವರ ಓದು ಮೊದಲು, ನಕ್ಷತ್ರ ಆಮೇಲೆ.

ಇನ್ನೊಂದು ಎಚ್ಚರಿಕೆ. ಕಚೇರಿಯ, ಶಾಲೆಯ ಯಂತ್ರಗಳಲ್ಲಿ ಅಪ್ಪಣೆಯಿಲ್ಲದೆ ಇದನ್ನು ಹಾಕಬಾರದು. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ ಕಾಲೇಜೊಂದರ ಗಣಕಗಳ ಮೇಲ್ವಿಚಾರಕನು 1999ರಲ್ಲಿ ಹಾಗೆ ಮಾಡಿ ಕ್ರಿಮಿನಲ್ ಮೊಕದ್ದಮೆಗೆ ಸಿಕ್ಕಿಬಿದ್ದನು. 2002ರಲ್ಲಿ ದಂಡ ತೆತ್ತು ರಾಜಿಯಾಗಬೇಕಾಯಿತು. ದಾನ ಮಾಡುವುದಾದರೆ ನಮ್ಮದನ್ನೇ ಮಾಡಬೇಕು.

ಇಷ್ಟೆಲ್ಲ ಯೋಚಿಸಿಯೂ ನಿಮಗೆ ಮನಸ್ಸಾದರೆ ಸಣ್ಣ ಪಾಲಿನಿಂದ ಆರಂಭಿಸಿ. ನಿಮ್ಮ ಯಂತ್ರ ಹಳೆಯದೆಂಬ ಸಂಕೋಚ ಬೇಡ. ಹೈದರಾಬಾದಿನದು 8 ಅಂಗುಲದ ದೂರದರ್ಶಕ, ಕಟ್ಟಳೆಯ ದೂರದರ್ಶಕ 13 ಅಂಗುಲದ್ದು. ಮುಗಿಸಿದವರು ಯಾರೆಂಬುದು ಮುಖ್ಯವಾಯಿತು. ಒಪ್ಪಿಕೊಂಡ ತುಂಡನ್ನು ಗಡುವಿನೊಳಗೆ ಸರಿಯಾಗಿ ಮಾಡಿ ಒಪ್ಪಿಸಿ. ಊರಿಗೆ ಹೋಗುವುದಿದ್ದರೆ, ಯಂತ್ರ ಕೆಟ್ಟಿದ್ದರೆ, ಬೇಡವಾದರೆ, ಅದನ್ನು ರದ್ದುಮಾಡಿ ಹಿಂದಿರುಗಿಸಲು ಒಂದು ಗುಂಡಿಯುಂಟು, ಅದನ್ನು ಒತ್ತಿಬಿಡಿ. ಹಿಡಿದಿಟ್ಟುಕೊಂಡು ಕುಳಿತರೆ ಇನ್ನೊಂದು ಮನೆ ಕಾಯಬೇಕಾಗುತ್ತದೆ. ಬೇಗ ಬಿಟ್ಟುಕೊಟ್ಟರೆ ಎಲ್ಲಿಯೋ ಒಂದು ಊರಿನ ಯಂತ್ರ ಅಂದೇ ಆ ಲೆಕ್ಕವನ್ನು ಎತ್ತಿಕೊಳ್ಳುತ್ತದೆ.